ಬ್ಯಾಳಿಗೆ ಯಾವ ಬೆಲೆ ನ್ಯಾಯ?

ಕಲಬುರಗಿಯಲ್ಲಿ ತೊಗರಿಯ ದರ ಏರಿದರೆ ಒಂದೇ ಕುಟುಂಬದಲ್ಲಿ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಕಿರಿಕಿರಿ. ಅಣ್ಣ ಕಮಲಾಪುರದ ಕಡೆ ನಾಲ್ಕೆಕರೆ ತೊಗರಿ ಬಿತ್ತುವವನು, ತಮ್ಮ ಹುಮನಾಬಾದ್ ಬೇಸ್ ಹತ್ತಿರ ಬಾಡಿಗೆ ಮನೆ ಹಿಡಿದು ಆಟೋ ಓಡಿಸುವವನು ಅಂದುಕೊಳ್ಳಿ. ಇಂಥ ಮನೆತನಗಳಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ‘ಈ ಸಲ ರೇಟೇ ಬರಲಿಲ್ಲ ನೋಡಪ್ಪಾ’ ಎಂದು ಅಣ್ಣ ಫೋನಿನಲ್ಲಿ ಗೋಳಾಡುವ ವಾರವೇ ತಮ್ಮನ ಹೆಂಡತಿ ಕಿರಾಣಿ ಅಂಗಡಿಯಲ್ಲಿ ನಿಂತು ‘ಸದ್ಯ, ಬ್ಯಾಳಿ ಜರಾ ಸಸ್ತಾ ಆಗ್ಯಾದ’ ಎಂದು ಒಂದು ಕೆಜಿ ಹೆಚ್ಚಿಗೆ ಕಟ್ಟಿಸಿಕೊಳ್ಳುತ್ತಾಳೆ. ಇಬ್ಬರಲ್ಲಿ ಯಾರ ಮಾತೂ ಸುಳ್ಳಲ್ಲ.

ತುಟ್ಟಿಯ ಮಾತು ಬಂದಾಗಲೆಲ್ಲ ಅದನ್ನು ಅರ್ಥಶಾಸ್ತ್ರದವರಿಗೆ ಬಿಟ್ಟು ಸುಮ್ಮನಾಗುವುದು ರೂಢಿ. ಆದರೆ ಅದರ ಬುಡದಲ್ಲಿ ಹಳೆಯ ಧರ್ಮಪ್ರಶ್ನೆಯೊಂದು ಕೂತಿದೆ. ವಸ್ತುವಿಗೆ ‘ಸರಿಯಾದ ಬೆಲೆ’ ಅಂತ ಒಂದು ಇದೆಯೇ? ಇದ್ದರೆ ಅದನ್ನು ಹೇಳುವ ಅಧಿಕಾರ ಯಾರದು? ಕೊಳ್ಳುವವನದೋ, ಮಾರುವವನದೋ, ಸರ್ಕಾರದ್ದೋ, ದೇವರದೋ? ಶರಣರೂ ಸೂಫಿಗಳೂ ನಡೆದಾಡಿದ ಈ ನೆಲದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಕಡಿಮೆಯೇನಲ್ಲ.

ಮೊದಲು ಲೆಕ್ಕ ನೋಡೋಣ. ರಾಶಿ ಮುಗಿದ ಜನವರಿಯಲ್ಲಿ ನೆಹರೂ ಗಂಜ್‌ಗೆ ಹೋದರೆ ಅಡತಿ ಅಂಗಡಿಗಳ ಮುಂದೆ ತೊಗರಿಯ ಚೀಲಗಳು ಸಾಲುಗಟ್ಟಿರುತ್ತವೆ. ಖರೀದಿದಾರ ಚೀಲದೊಳಗೆ ಮೊಣಕೈತನಕ ಕೈ ಹಾಕಿ, ಅಡಿಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡುತ್ತಾನೆ. ಒಂದು ಕಾಳನ್ನು ಹಲ್ಲಿನಡಿ ಇಟ್ಟು ಕಡಿಯುತ್ತಾನೆ. ಕಟ್ ಎಂದು ಒಡೆದರೆ ಒಣಗಿದೆ, ಮೆತ್ತಗಾದರೆ ಹಸಿ ಇದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಇದೇ ಕೆಲಸಕ್ಕೆ ಯಂತ್ರವಿದೆ. ತೇವಾಂಶ ಶೇ 12 ದಾಟಿದರೆ ಚೀಲ ವಾಪಸ್. ಇಡೀ ವರ್ಷದ ದುಡಿಮೆಗೆ ಬೆಲೆ ಕಟ್ಟುವ ಹೊತ್ತು ಇಷ್ಟೇ ಚಿಕ್ಕದು. ಅಷ್ಟು ಹೊತ್ತೂ ರೈತ ಕಾಳಿನ ಕಡೆ ನೋಡದೆ ಖರೀದಿದಾರನ ಮುಖವನ್ನೇ ನೋಡುತ್ತಿರುತ್ತಾನೆ.

ಕೇಂದ್ರ ಸರ್ಕಾರ ತೊಗರಿಗೆ ನಿಗದಿ ಮಾಡಿದ ಬೆಂಬಲ ಬೆಲೆ 2023–24ರಲ್ಲಿ ಕ್ವಿಂಟಲ್‌ಗೆ 7,000 ರೂಪಾಯಿ, 2024–25ರಲ್ಲಿ 7,550, 2025–26ರಲ್ಲಿ 8,000. ಒಂದು ಕ್ವಿಂಟಲ್ ತೊಗರಿ ಮಿಲ್ಲಿಗೆ ಹೋದರೆ ಹೊಟ್ಟು, ನುಚ್ಚು ಕಳೆದು ಸುಮಾರು 70ರಿಂದ 75 ಕೆಜಿ ಬ್ಯಾಳಿ ಸಿಗುತ್ತದೆ. ಅಂದರೆ ರೈತನಿಗೆ 8,000 ಸಿಕ್ಕ ದಿನ, ಮಿಲ್ಲಿನ ಕೂಲಿ, ಹಮಾಲಿ, ಸಾಗಾಟ, ಅಂಗಡಿಯವನ ಲಾಭ ಯಾವುದನ್ನೂ ಸೇರಿಸದೆಯೇ ಬ್ಯಾಳಿಯ ಅಸಲು ಕೆಜಿಗೆ 105 ರೂಪಾಯಿ ದಾಟಿರುತ್ತದೆ. ನೂರು ರೂಪಾಯಿಗೆ ಒಂದು ಕೆಜಿ ಬ್ಯಾಳಿ ಬೇಕು ಎನ್ನುವ ಪಟ್ಟಣದ ಗಿರಾಕಿ, ತನಗೇ ಗೊತ್ತಿಲ್ಲದೆ, ರೈತನಿಗೆ ಬೆಂಬಲ ಬೆಲೆಯೂ ಬೇಡ ಎಂದು ಹೇಳಿದಂತಾಯಿತು.

2022ರಲ್ಲಿ ನೆಟೆ ರೋಗ ಬಂದು ಜಿಲ್ಲೆಯ ತೊಗರಿ ಹೂ-ಕಾಯಿ ಹೊತ್ತಿನಲ್ಲೇ ನಿಂತಲ್ಲಿ ಒಣಗಿತು. ಮುಂದಿನ ವರ್ಷ ಬ್ಯಾಳಿ ತುಟ್ಟಿಯಾಯಿತು. 2023ರ ಜೂನ್ 2ರಂದು ಕೇಂದ್ರ ಸರ್ಕಾರ ದಾಸ್ತಾನಿಗೆ ಮಿತಿ ಹೇರಿತು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. 2021ರಿಂದಲೇ ಪ್ರಮಾಣದ ಮಿತಿಯಿಲ್ಲದೆ ತೊಗರಿ ಆಮದಾಗುತ್ತಿತ್ತು; ಮ್ಯಾನ್ಮಾರ್, ಮೊಜಾಂಬಿಕ್‌ಗಳ ಕಾಳು ಇಲ್ಲಿನ ಕಾಳಿನ ಜೊತೆ ಪೈಪೋಟಿಗೆ ಇಳಿಯಿತು. 2024ರ ಆರಂಭದಲ್ಲಿ ಗಂಜ್‌ನಲ್ಲಿ ಹತ್ತು ಸಾವಿರ ದಾಟಿದ್ದ ದರ ವರ್ಷ ತುಂಬುವಷ್ಟರಲ್ಲಿ ಬೆಂಬಲ ಬೆಲೆಯ ಮಟ್ಟಕ್ಕೆ ಕುಸಿಯಿತು. ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ 8,000 ಮಾಡಬೇಕಾಯಿತು. ತಮ್ಮನ ಹೆಂಡತಿಯ ‘ಸದ್ಯ’ದ ಹಿಂದೆ ಇಷ್ಟೆಲ್ಲ ಇದೆ.

ಹೊರಗಿನಿಂದ ಧಾನ್ಯ ತಂದು ಬೆಲೆ ಇಳಿಸುವುದು ದೆಹಲಿಯ ಹೊಸ ಉಪಾಯವೇನಲ್ಲ. ಈ ಊರು ಬಹಮನಿ ರಾಜಧಾನಿಯಾಗಿದ್ದಾಗ, 1378ರಿಂದ 1397ರವರೆಗೆ ಆಳಿದ ಎರಡನೇ ಮಹಮ್ಮದ್ ಶಾಹ ಬರಗಾಲದಲ್ಲಿ ಹತ್ತು ಸಾವಿರ ಎತ್ತುಗಳನ್ನು ಹೂಡಿ ಮಾಳವ, ಗುಜರಾತಿನಿಂದ ಧಾನ್ಯ ಹೊರಿಸಿ ತಂದು ಕಡಿಮೆ ದರಕ್ಕೆ ಮಾರಿಸಿದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಆದರೆ ಅದು ಹೊಲದಲ್ಲಿ ಏನೂ ಬೆಳೆಯದ ಕಾಲ. ರೈತ ರಾಶಿ ಮಾಡಿ ಗಂಜ್‌ಗೆ ಹೊರಟಿರುವಾಗಲೇ ಪರದೇಶದ ಕಾಳು ಬಂದಿಳಿಯುವುದನ್ನೂ ಬರಗಾಲದ ಧರ್ಮವೆಂದು ಕರೆಯಲಾದೀತೇ?

ಬೆಲೆಯ ಬಗ್ಗೆ ಇಸ್ಲಾಮಿನ ಪರಂಪರೆಯಲ್ಲಿ ಒಂದು ಪ್ರಸಿದ್ಧ ಹದೀಸ್ ಇದೆ. ಮದೀನಾದಲ್ಲಿ ದರಗಳು ಏರಿದಾಗ ಜನ ಪ್ರವಾದಿಯವರ ಬಳಿ ಬಂದು ಬೆಲೆ ಕಟ್ಟಿಕೊಡಿ ಎಂದು ಕೇಳಿದರು. ಅವರು ಒಪ್ಪಲಿಲ್ಲ. ಬೆಲೆ ದೇವರ ಕೈಯಲ್ಲಿದೆ, ಯಾರ ಆಸ್ತಿಗಾದರೂ ಅನ್ಯಾಯ ಮಾಡಿದ ಹೊರೆ ಹೊತ್ತು ದೇವರ ಮುಂದೆ ನಿಲ್ಲಲಾರೆ ಎಂಬುದು ಅವರ ಮಾತಿನ ಸಾರ. ಅದೇ ಪ್ರವಾದಿ ಧಾನ್ಯ ಕೂಡಿಟ್ಟು ತುಟ್ಟಿ ಮಾಡುವವನನ್ನು ಪಾಪಿ ಎಂದೂ ಹೇಳಿದ್ದಾರೆ. ಬೆಳೆದವನ ಮೇಲೆ ಬೆಲೆ ಹೇರಬಾರದು, ಬಚ್ಚಿಟ್ಟವನನ್ನು ಬಿಡಬಾರದು: ಎರಡನ್ನೂ ಒಟ್ಟಿಗೆ ಓದಿದರೆ ಸಿಗುವ ಅರ್ಥ ಇದು. ಆಳುವವರು ಎರಡನೆಯದನ್ನು ಆಗಾಗ ನೆನೆಸಿಕೊಳ್ಳುತ್ತಾರೆ, ಮೊದಲನೆಯದನ್ನು ಮರೆಯುತ್ತಾರೆ.

ಶರಣರ ಕಡೆ ಬಂದರೆ, ನುಲಿಯ ಚಂದಯ್ಯನ ಕತೆ. ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಕತೆಯಲ್ಲಿ ಸ್ವತಃ ಲಿಂಗಯ್ಯನೇ ಅವನ ಹಗ್ಗ ಮಾರಲು ಹೊರಡುತ್ತಾನೆ. ಬಸವಣ್ಣ ಹಗ್ಗಕ್ಕೆ ಸಾವಿರ ಹೊನ್ನು ಕೊಟ್ಟುಬಿಡುತ್ತಾನೆ. ಚಂದಯ್ಯ ಅದನ್ನು ಕಂಡು ಸಿಟ್ಟಾಗುತ್ತಾನೆ: ಹಗ್ಗಕ್ಕೆ ಸಲ್ಲುವಷ್ಟು ಸಾಕು, ಉಳಿದದ್ದು ವಾಪಸ್ ಹೋಗಲಿ. ಗಮನಿಸಬೇಕಾದ ಸಂಗತಿ, ಕೊಟ್ಟವನು ಮನಸಾರೆ ಕೊಟ್ಟಿದ್ದ. ಇಬ್ಬರೂ ಒಪ್ಪಿದ ದರವೇ ಸರಿಯಾದ ದರ ಎನ್ನುವ ಇಂದಿನ ಮಾರುಕಟ್ಟೆಯ ನಂಬಿಕೆಯನ್ನು ಚಂದಯ್ಯ ಒಪ್ಪುತ್ತಿರಲಿಲ್ಲ. ಅವನ ಪ್ರಕಾರ ಬೆಲೆಯ ಅಳತೆ ಕೊಳ್ಳುವವನ ಜೇಬೂ ಅಲ್ಲ, ಭಕ್ತಿಯೂ ಅಲ್ಲ, ಹಗ್ಗದೊಳಗಿನ ದುಡಿಮೆ.

ಈ ಅಳತೆಯನ್ನು ಕಮಲಾಪುರಕ್ಕೆ ಒಯ್ದು ನೋಡಬಹುದು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಈ ಊರು 2018ರಲ್ಲಿ ತಾಲ್ಲೂಕಾಯಿತು. ಹೆಸರಾದದ್ದು ಮಾತ್ರ ಅದಕ್ಕೂ ಬಹಳ ಮೊದಲು, ಕೆಂಪು ಬಾಳೆಯಿಂದ. ಭೌಗೋಳಿಕ ಗುರುತು ಪಡೆದ ಈ ಹಣ್ಣಿಗೆ ‘ಶ್ರೀಮಂತರ ಹಣ್ಣು’ ಎಂಬ ಅಡ್ಡಹೆಸರಿದೆ. ಉಳಿದ ಬಾಳೆಗಿಂತ ಅದಕ್ಕೆ ರೇಟು ಜಾಸ್ತಿ. ಹಾಗಂತ ಇದನ್ನು ದುರಾಸೆ ಎನ್ನಲಾಗದು. ಗಿಡ ಎತ್ತರಕ್ಕೆ ಹೋಗುತ್ತದೆ, ಕೈಗೆ ಬರಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಅಷ್ಟು ದಿನ ನೀರು, ಗೊಬ್ಬರ, ಆಸರೆ ಕೊಟ್ಟು ಕಾಯಬೇಕು. ಚಂದಯ್ಯನ ತಕ್ಕಡಿಯಲ್ಲಿ ತೂಗಿದರೆ ಕೆಂಪು ಬಾಳೆ ತುಟ್ಟಿಯಾದರೂ ನ್ಯಾಯದ್ದು. ಅದೇ ತಕ್ಕಡಿಯಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಹೋದ ತೊಗರಿ ಸಸ್ತಾ ಆದರೂ ಅನ್ಯಾಯದ್ದು.

ಇಷ್ಟು ಹೇಳಿದ ಮೇಲೆ ಕಡಿಮೆ ಆದಾಯದವನ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಪ್ರವಚನಕಾರರಿಗೆ ಪ್ರಿಯವಾದವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು. ಇದನ್ನೇ ಹಿಡಿದು ‘ಆಸೆ ಕಡಿಮೆ ಮಾಡಿಕೊಳ್ಳಿ, ತುಟ್ಟಿಯ ಮಾತೇ ಇರದು’ ಎಂದು ಬಡವರಿಗೆ ಬೋಧಿಸುವುದು ನಡೆದಿದೆ. ಇದು ಲಕ್ಕಮ್ಮನಿಗೇ ಮಾಡುವ ಅಪಚಾರ. ಅವಳು ಸಾಕು ಎಂದದ್ದು ತನ್ನ ಮನೆಗೆ, ನೆರೆಯವರ ಮನೆಗಲ್ಲ. ಎರಡು ಹೊತ್ತಿಗೆ ಇಲ್ಲದವನಿಗೆ ‘ಸಾಕು’ ಎನ್ನಲು ಉಂಡವನಿಗೆ ಹಕ್ಕಿಲ್ಲ. ಶರಣರು ಕಾಯಕದ ಬೆನ್ನಿಗೇ ದಾಸೋಹವನ್ನು ಇಟ್ಟದ್ದು ಇದೇ ಕಾರಣಕ್ಕೆ: ಸಾಕೆನಿಸಿದವನ ಹೆಚ್ಚಿನದು ಸಾಲದವನ ಕಡೆ ಹರಿಯಬೇಕು.

ಕಲಬುರಗಿ ಆ ಮಾತನ್ನು ಅನ್ನದ ಮಟ್ಟಿಗೆ ನಡೆಸಿದೆ. ಇದೇ ಜಿಲ್ಲೆಯ ಅರಳಗುಂಡಗಿಯಲ್ಲಿ ಹುಟ್ಟಿ, ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟವರೆಂದು ಜನ ಇಂದಿಗೂ ಹೇಳುವ ಶರಣಬಸವೇಶ್ವರರು ಈ ಊರಿಗೆ ಬಂದು ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದರು. ಜಾತ್ರೆಯಲ್ಲಿ ಸಾವಿರಾರು ಜನ ಕತ್ತೆತ್ತಿ ಕಾಯುವುದು ಪರುಷ ಬಟ್ಟಲಿನ ದರ್ಶನಕ್ಕೆ, ಅಂದರೆ ಅವರು ದಾಸೋಹಕ್ಕೆ ಬಳಸಿದ ಬಟ್ಟಲಿಗೆ. ಅನ್ನ ನೀಡಿದ ಪಾತ್ರೆಗೇ ಕೈಮುಗಿಯುವ ಊರಿದು. ಖ್ವಾಜಾ ಬಂದಾ ನವಾಜ್ ದರ್ಗಾದಲ್ಲಿ ಉರುಸಿನ ದಿನಗಳಲ್ಲಿ ಉಣ್ಣಲು ಕೂತವರ ಜಾತಿ ಕೇಳುವ ಪದ್ಧತಿಯಿಲ್ಲ. ಇವುಗಳ ಮೇಲೆ ಅನ್ನಭಾಗ್ಯದ ಅಕ್ಕಿ, ಇಂದಿರಾ ಕ್ಯಾಂಟೀನಿನ ಹತ್ತು ರೂಪಾಯಿ ಊಟ. ಈ ಊರಿನಲ್ಲಿ ಒಬ್ಬ ಹಮಾಲ ಉಪವಾಸ ಮಲಗದಂತೆ ಮಾಡಲು ಶತಮಾನಗಳ ಧರ್ಮವೂ ಹತ್ತು ವರ್ಷದ ರಾಜಕಾರಣವೂ ಕೈಜೋಡಿಸಿವೆ.

ಆದರೆ ಆಟೋ ಓಡಿಸುವ ತಮ್ಮನನ್ನು ಹಣ್ಣು ಮಾಡುತ್ತಿರುವುದು ಅನ್ನದ ಖರ್ಚಲ್ಲ. ಮನೆ ಬಾಡಿಗೆ, ಮಗಳ ಪಿಯು ಸೈನ್ಸ್ ಕೋಚಿಂಗ್ ಫೀಸು, ಆಸ್ಪತ್ರೆಯಲ್ಲಿ ಬರೆದುಕೊಟ್ಟ ಸ್ಕ್ಯಾನಿಂಗ್ ಚೀಟಿ. ಮೇ ತಿಂಗಳ 44 ಡಿಗ್ರಿಯಲ್ಲಿ ಹಗಲೂ ರಾತ್ರಿ ಕೂಲರ್ ತಿರುಗಿ ಮೀಟರ್ 200 ಯೂನಿಟ್ ದಾಟಿತೆಂದರೆ ಗೃಹಜ್ಯೋತಿಯೂ ಕೈಬಿಡುತ್ತದೆ. ಹೆಂಡತಿ ಕಮಲಾಪುರಕ್ಕೆ ಹೋಗಿಬರುವ ಬಸ್ಸಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲ. ಗಂಡನ ಟಿಕೆಟ್ 2025ರ ಜನವರಿಯಲ್ಲಿ ಶೇ 15ರಷ್ಟು ಏರಿತು. ಗೃಹಸ್ಥನ ಆದಾಯವನ್ನು ನಾಲ್ಕು ಪಾಲು ಮಾಡಿ, ಒಂದನ್ನು ಉಣ್ಣಲು, ಎರಡನ್ನು ದುಡಿಮೆಗೆ, ನಾಲ್ಕನೆಯದನ್ನು ಆಪತ್ತಿಗೆ ಇಡಬೇಕೆಂದು ಬುದ್ಧ ಸಿಗಾಲೋವಾದ ಸುತ್ತದಲ್ಲಿ ಹೇಳಿದ್ದಾನೆ. 2009ರಲ್ಲಿ ಉದ್ಘಾಟನೆಯಾದ ಇಲ್ಲಿನ ಬುದ್ಧ ವಿಹಾರದ ಮುಂದೆಯೇ ದಿನವೂ ಸವಾರಿ ಹೊತ್ತು ಹೋಗುವ ಆಟೋದವನಿಗೆ ಆ ನಾಲ್ಕನೆಯ ಪಾಲು ಯಾವ ತಿಂಗಳೂ ಕೈಗೆ ಬರುವುದಿಲ್ಲ. ಬಾಡಿಗೆ ಮತ್ತು ಫೀಸಿನ ಬಾಬತ್ತಿನಲ್ಲಿ ಚಂದಯ್ಯನಂತೆ ‘ಇಷ್ಟು ಸಾಕು, ಉಳಿದದ್ದು ವಾಪಸ್’ ಎನ್ನುವವರು ಕಾಣುವುದಿಲ್ಲ. ದಾನಧರ್ಮದ ಮನೆತನಗಳೂ ಅನ್ನ ಹಾಕುವಾಗ ಬಿಚ್ಚಿದ ಕೈಯನ್ನು ಬಾಡಿಗೆ ಎಣಿಸುವಾಗ ಮುಚ್ಚಿಬಿಡುತ್ತವೆ. ನಿಜಾಮರ ಕಾಲದಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದು ವಿದ್ಯೆಯನ್ನೂ ದಾಸೋಹವೆಂದು ಕಂಡ ಊರು ಇಲ್ಲಿ ತನ್ನದೇ ಮಾತಿಗೆ ತಪ್ಪಿದೆ.

ಇರಲಿ, ಬ್ಯಾಳಿಯ ವಿಷಯದಲ್ಲಾದರೂ ಒಂದು ಅವಕಾಶ ಬಂದಿದೆ. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿ ಬ್ಯಾಳಿ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಆ ಬ್ಯಾಳಿಯನ್ನು ಇಲ್ಲಿನ ರೈತರಿಂದ ಬೆಂಬಲ ಬೆಲೆಗೆ ಕೊಂಡರೆ ಅಣ್ಣನಿಗೂ ನ್ಯಾಯ, ತಮ್ಮನಿಗೂ ಉಣಿಸು. ಟೆಂಡರಿನಲ್ಲಿ ಸಸ್ತಾ ಸಿಕ್ಕಿತೆಂದು ಹಡಗಿನ ಕಾಳು ತುಂಬಿದರೆ ಅಣ್ಣನ ಗಂಟನ್ನೇ ಬಿಚ್ಚಿ ತಮ್ಮನಿಗೆ ಬಡಿಸಿದಂತೆ. ಕಲಬುರಗಿಯ ತೊಗರಿಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಕಿಟ್ ಕೈಗೆ ಬಂದಾಗ, ಒಳಗಿನ ಬ್ಯಾಳಿ ಯಾವ ಊರಿನದು, ಬೆಳೆದವನಿಗೆ ಎಷ್ಟು ಕೊಟ್ಟಿರಿ ಎಂದು ಒಂದು ಸಲ ಕೇಳಿ.