ತಪ್ಪಿತಸ್ಥರಿಲ್ಲದ ಸುಳಿ

ಪಶ್ಚಿಮ ಆಫ್ರಿಕಾದ ಮೌರಿಟೇನಿಯಾ ಕರಾವಳಿಯಲ್ಲಿ ಹುಟ್ಟುವ ಕೆಲವು ದೊಡ್ಡ ಸುಳಿಗಳು, ದಡದ ಪೋಷಕಾಂಶ ತುಂಬಿದ ನೀರನ್ನು ಹೊತ್ತು ತಿಂಗಳುಗಟ್ಟಲೆ ಪಶ್ಚಿಮಕ್ಕೆ ಸಾಗುತ್ತವೆ. ಒಳಗೆ ಹಬ್ಬವೋ ಹಬ್ಬ: ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಸತ್ತು ಕೆಳಗಿಳಿದದ್ದನ್ನು ಕೊಳೆಸುತ್ತಾ ಬ್ಯಾಕ್ಟೀರಿಯಾಗಳು ಆಮ್ಲಜನಕ ಖರ್ಚು ಮಾಡುತ್ತವೆ. ಸುತ್ತುವ ನೀರೇ ಗೋಡೆಯಾಗಿರೋದ್ರಿಂದ ಹೊರಗಿನ ನೀರು ಬೆರೆಯೋದು ತೀರಾ ಕಡಿಮೆ. ಇಂಥ ಸುಳಿಗಳಲ್ಲಿ, 100 ಮೀಟರ್ ಆಳದೊಳಗೇ, ಆಮ್ಲಜನಕ ಹೆಚ್ಚುಕಡಿಮೆ ಬರಿದಾಗಿದ್ದನ್ನು 2015ರ ಅಧ್ಯಯನವೊಂದು ತೋರಿಸಿತು.

ತಪ್ಪು ಯಾರದು? ಸಸ್ಯ ಬೆಳೀತು, ಬ್ಯಾಕ್ಟೀರಿಯಾ ತಿಂತು. ಯಾರೂ ಕೆಟ್ಟವರಲ್ಲ. ನಾವು ನಾವೇ ಸೇರಿಕೊಂಡ ಟೀಮು, ಅಪಾರ್ಟ್‌ಮೆಂಟುಗಳಲ್ಲೂ ಹೀಗೇ ಅಲ್ವಾ? ಎಲ್ಲರೂ ಒಳ್ಳೆಯವರೇ, ಆದ್ರೂ ಉಸಿರು ಕಟ್ಟುತ್ತೆ.

ವ್ಯತ್ಯಾಸ ಒಂದೇ. ಸುಳಿ ತನ್ನ ಗೋಡೆ ತಾನೇ ಕೆಡವಲಾರದು. ನಾವು ಹೊರಗಿನವರನ್ನ ಒಳಗೆ ಕರೀಬಹುದು. ಕರೆಯದಿದ್ದರೆ, ಆಗ ತಪ್ಪು ನಮ್ಮದೇ.