ಯಾದಿಯಲ್ಲಿಲ್ಲದ ಹೆಸರು

ಮನುಷ್ಯನು ಯಾವದೊಂದು ವಸ್ತುವನ್ನು ಪಡೆಯಬೇಕಾದರೂ ಮೊದಲು ಅದರ ಹೆಸರನ್ನು ಹಿಡಿಯುವನು. ಹೆಸರಿನಿಂದ ವಸ್ತುವಿನ ಕಡೆಗೆ ಹೋಗುವದು ಲೋಕವ್ಯವಹಾರದ ರಾಜಮಾರ್ಗವು. ಗ್ರಂಥಾಲಯದ ಪುಸ್ತಕಗಳ ಯಾದಿ, ಕಚೇರಿಯ ಹೊಲಗಳ ಉತಾರ, ಶಾಲೆಯ ಹಾಜರಿ ಪುಸ್ತಕ ಇವೆಲ್ಲವೂ ಆ ಮಾರ್ಗದ ಸಾಧನಗಳೇ ಆಗಿವೆ. ಆದರೆ ದಿನವೂ ಇದೇ ಮಾರ್ಗದಲ್ಲಿ ನಡೆಯುವವನಿಗೆ ಕ್ರಮೇಣ ಒಂದು ಭ್ರಮೆ ಅಂಟಿಕೊಳ್ಳುವದು. ಯಾದಿಯಲ್ಲಿಲ್ಲದ್ದು ಲೋಕದಲ್ಲಿಯೂ ಇಲ್ಲವೆಂದು ಅವನು ಭಾವಿಸತೊಡಗುವನು. ಈ ಭ್ರಮೆಯಿಂದ ಹಾನಿಯುಂಟಾಗುವದು ಯಾರಿಗೆ, ಅದನ್ನು ಸರಿಪಡಿಸಬಲ್ಲವನ ಕರ್ತವ್ಯವೇನು ಎಂಬದು ವಿಚಾರಾರ್ಹವಾದ ವಿಷಯವು.

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯು ತುಂಗಭದ್ರೆಯ ದಡದ ಊರು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಾಗಿಸಿ ಗದಗ ಜಿಲ್ಲೆಯನ್ನು ಮಾಡಿದಾಗ ಆ ಊರಿನ ಹೆಸರು ಒಂದು ಯಾದಿಯಿಂದ ಹೊರಟು ಇನ್ನೊಂದು ಯಾದಿಯನ್ನು ಸೇರಿತು. ಊರು ಅಂಗುಲವೂ ಅಲುಗಲಿಲ್ಲ. ಹೊಳೆಯು ದಿಕ್ಕನ್ನು ಬದಲಿಸಲಿಲ್ಲ. ಹಳೆಯ ಯಾದಿಯನ್ನಷ್ಟೇ ಕೈಯಲ್ಲಿ ಹಿಡಿದು ಧಾರವಾಡ ಜಿಲ್ಲೆಯಲ್ಲಿ ಆ ಊರನ್ನು ಹುಡುಕುವವನಿಗೆ ಅದು ಸಿಕ್ಕದಿದ್ದರೆ ಅದು ಊರಿನ ದೋಷವಲ್ಲ.

ಇಷ್ಟು ದೊಡ್ಡ ಸಂಗತಿಯಲ್ಲಿ ಯಾರೂ ಮೋಸಹೋಗಲಾರರು. ಚಿಕ್ಕ ಸಂಗತಿಯಲ್ಲಿ ಬಲ್ಲವರೂ ಮೋಸಹೋಗುವರು. ದೃಷ್ಟಾಂತಕ್ಕಾಗಿ ಅದೇ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗನು ಓದಿಗಾಗಿ ಧಾರವಾಡದಲ್ಲಿರುವನು. ಮನೆಯ ಗಣಕಯಂತ್ರದಲ್ಲಿ ಲಿನಕ್ಸ್ ವ್ಯವಸ್ಥೆಯಿರುವದು. ತಾಯಿಯು ತನ್ನ ಸ್ತ್ರೀಶಕ್ತಿ ಸಂಘದ ಉಳಿತಾಯ ಸಾಲಗಳ ಲೆಕ್ಕವನ್ನು ಲಿಬ್ರೆಆಫೀಸ್ ಎಂಬ ತಂತ್ರಾಂಶದಲ್ಲಿ ಬರೆದಿಡುವಳು. ಪರದೆಯ ಮೂಲೆಯ ಮೆನುವನ್ನು ಒತ್ತುವದು, ಹೆಸರನ್ನು ಗುರುತಿಸುವದು, ತೆರೆಯುವದು, ಇಷ್ಟೇ ಆಕೆಗೆ ತಿಳಿದ ದಾರಿ. ಒಂದು ಮುಂಜಾನೆ ಆ ಹೆಸರು ಮೆನುವಿನಲ್ಲಿ ಕಾಣದು. “ಲೆಕ್ಕೆಲ್ಲಾ ಹೋತಪಾ” ಎಂದು ಆಕೆಯು ಮಗನಿಗೆ ಫೋನಿನಲ್ಲಿ ಹೇಳುವಳು. ನೆರೆಯವನೊಬ್ಬನು ವ್ಯವಸ್ಥೆಯನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಕೊಡುವೆನೆಂದು ಮುಂದೆ ಬರುವನು. “ಅವ್ವಾ, ಏನೂ ಅಳಸಬ್ಯಾಡ, ಐತೋ ಇಲ್ಲೋ ಮೊದಲ ನೋಡೂಣು” ಎಂದು ಮಗನು ತಡೆಯುವನು. ಮಗನ ಈ ಮಾತಿನಲ್ಲಿ ಪ್ರಸ್ತುತ ವಿಚಾರದ ತಿರುಳೆಲ್ಲ ಅಡಗಿರುವದು. ನೆರೆಯವನ ಉಪಾಯವನ್ನು ಅನುಸರಿಸಿದ್ದರೆ, ಎಲ್ಲಿಯೂ ಹೋಗದೆ ಇದ್ದ ಲೆಕ್ಕವು ನಿಜವಾಗಿಯೂ ಹೋಗುತ್ತಿತ್ತು.

ಮೆನು ಎಂಬದು ತಂತ್ರಾಂಶಗಳ ಉಗ್ರಾಣವಲ್ಲ. ತಂತ್ರಾಂಶವು ಒಂದು ಕಡೆಗೆ ಇರುವದು. ಅದನ್ನು ಕುರಿತ ಚಿಕ್ಕ ಚೀಟಿಯಂಥ ಕಡತವು ಬೇರೆ ಕಡೆಗೆ ಇರುವದು. ಇದಕ್ಕೆ ಡೆಸ್ಕ್‌ಟಾಪ್ ಕಡತವೆನ್ನುವರು. ತಂತ್ರಾಂಶದ ಹೆಸರು, ಅದನ್ನು ಕರೆಯುವ ಆಜ್ಞೆ, ಅದರ ಚಿತ್ರ, ಅದು ಸೇರಬೇಕಾದ ವರ್ಗ ಇಷ್ಟು ಆ ಚೀಟಿಯಲ್ಲಿ ಬರೆದಿರುವದು. ಇಂಗ್ಲಿಷ್ ಹೆಸರಿನ ಜೊತೆಗೆ ಕನ್ನಡದ ಹೆಸರನ್ನೂ ಬರೆಯಲು ಅದರಲ್ಲಿ ಎಡೆಯುಂಟು. 2000ದಲ್ಲಿ ಆರಂಭವಾದ ಫ್ರೀಡೆಸ್ಕ್‌ಟಾಪ್ ಎಂಬ ಯೋಜನೆಯು ಇಂಥ ಚೀಟಿಗಳಿಗೆ ಸರ್ವಸಮ್ಮತವಾದ ನಿಯಮಗಳನ್ನು ರೂಪಿಸಿತು. ಮೆನುವು ಈ ಚೀಟಿಗಳನ್ನು ಓದಿ ತನ್ನ ಯಾದಿಯನ್ನು ಕಟ್ಟುವದು. ಆದ್ದರಿಂದ ಚೀಟಿಯು ಕೆಟ್ಟರೆ ಹೆಸರು ಮಾಯವಾಗುವದು. ತಂತ್ರಾಂಶಕ್ಕಾಗಲಿ, ಅದರಿಂದ ಬರೆದಿಟ್ಟ ಲೆಕ್ಕಕ್ಕಾಗಲಿ ಕೂದಲೂ ಕೊಂಕದು.

ಚೀಟಿಗಳಿಗೆ ಎರಡು ಮುಖ್ಯ ನೆಲೆಗಳುಂಟು. ಒಂದು ಎಲ್ಲ ಬಳಕೆದಾರರಿಗೂ ಸಾಮಾನ್ಯವಾದದ್ದು; ಇನ್ನೊಂದು ಒಬ್ಬೊಬ್ಬ ಬಳಕೆದಾರನ ಸ್ವಂತದ್ದು. ಎರಡರಲ್ಲಿಯೂ ಒಂದೇ ಹೆಸರಿನ ಚೀಟಿಯಿದ್ದರೆ ಸ್ವಂತದ ಚೀಟಿಯೇ ಮೇಲಾಗುವದು. ಅದರಲ್ಲಿ ‘ನೋ ಡಿಸ್‌ಪ್ಲೇ’ ಎಂಬ ಸಾಲನ್ನು ಒಪ್ಪಿ ಬರೆದಿದ್ದರೆ, ತಂತ್ರಾಂಶವು ಇದೆ, ಮೆನುವಿನಲ್ಲಿ ಮಾತ್ರ ತೋರಿಸಬಾರದು ಎಂದರ್ಥ. ‘ಹಿಡನ್’, ಎಂದರೆ ಅಡಗಿದ್ದು, ಎಂದು ಬರೆದಿದ್ದರೆ ಅಂಥ ಚೀಟಿಯೇ ಇಲ್ಲವೆಂದು ತಿಳಿಯತಕ್ಕದ್ದು. ಈ ಎರಡನೆಯದಕ್ಕೆ ‘ಅಳಿಸಿದ್ದು’ ಎಂದು ಹೆಸರಿಡಬೇಕಾಗಿತ್ತೆಂದು ನಿಯಮವನ್ನು ಬರೆದವರೇ ಅಲ್ಲಿ ಒಪ್ಪಿಕೊಂಡಿರುವರು. ಅಡಗಿದ್ದಕ್ಕೂ ಅಳಿದದ್ದಕ್ಕೂ ಇರುವ ಭೇದವನ್ನು ನಿಯಮಕರ್ತರ ಮಾತೇ ತಪ್ಪಿದ ಮೇಲೆ ಸಾಮಾನ್ಯರು ತಪ್ಪುವದರಲ್ಲಿ ಆಶ್ಚರ್ಯವೇನು? ಇನ್ನು ಮೂರನೆಯ ಪ್ರಸಂಗವೂ ಉಂಟು. ತಂತ್ರಾಂಶವೇ ಯಂತ್ರದಲ್ಲಿಲ್ಲವೆಂದು ಕಂಡುಬಂದರೆ ಹೆಸರನ್ನು ಕೈಬಿಡಬೇಕೆಂದು ಚೀಟಿಯಲ್ಲಿಯೇ ವಿಧಿಸಿಡಬಹುದು. ಆಗ ಯಾದಿಯ ಮೌನವು ಸತ್ಯವಾದ ಮೌನವು.

ಹೀಗೆ ಮೆನುವಿನ ಒಂದು ಬರಿದಾದ ಸ್ಥಳಕ್ಕೆ ಮೂರು ಅರ್ಥಗಳಾಗಬಹುದು. ವಸ್ತುವು ಬೇಕೆಂದೇ ಮರೆಯಲ್ಲಿರಬಹುದು, ಅದರ ಚೀಟಿಯು ಕೆಟ್ಟಿರಬಹುದು, ಇಲ್ಲವೆ ವಸ್ತುವೇ ಇಲ್ಲದಿರಬಹುದು. ಯಾದಿಯನ್ನು ನೋಡುವವನಿಗೆ ಮೂರೂ ಒಂದೇ ಬಗೆಯಾಗಿ ಕಾಣುವವು. ಆದುದರಿಂದ ಯಾದಿಯು ಸಾಕ್ಷಿಯಾಗಬಹುದೇ ಹೊರತು ನ್ಯಾಯಾಧೀಶನ ಪೀಠವನ್ನೇರಲಾರದು. ಮಗನು ಮಾಡಿಸಿದ್ದೂ ಇದೇ. ಟರ್ಮಿನಲ್ ಕಿಟಕಿಯಲ್ಲಿ ತಂತ್ರಾಂಶದ ಹೆಸರನ್ನು ಒಂದೊಂದಕ್ಷರವಾಗಿ ಹೇಳಿಕೊಟ್ಟು ತಾಯಿಯಿಂದ ನೇರವಾಗಿ ಕರೆಯಿಸಿದನು. ಅದು ತೆರೆಯಿತು, ಲೆಕ್ಕವೂ ಇದ್ದಂತೆಯೇ ಇತ್ತು. ಬಳಿಕ ಸ್ವಂತದ ನೆಲೆಯಲ್ಲಿ ಹುಡುಕಲು, ಮೆನುವನ್ನು ತಿದ್ದುವಾಗ ಯಾರೋ ತಿಳಿಯದೆ ಬಿಟ್ಟಿದ್ದ, ‘ತೋರಿಸಬೇಡ’ ಎಂಬ ಚೀಟಿಯು ಸಿಕ್ಕಿತು. ಅದನ್ನು ಪಕ್ಕಕ್ಕೆ ಸರಿಸಿದೊಡನೆ ಸಾಮಾನ್ಯ ನೆಲೆಯ ಚೀಟಿಯು ತಾನಾಗಿಯೇ ಮುಂದೆ ಬಂದು ಹೆಸರು ಮೊದಲಿನ ಸ್ಥಾನದಲ್ಲಿ ನಿಂತಿತು. ಹೊಸದಾಗಿ ಏನನ್ನೂ ಮಾಡಬೇಕಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಯಂತ್ರದಲ್ಲಿ ನೂರಾರು ಸಹಾಯಕ ತಂತ್ರಾಂಶಗಳಿರುವಾಗ ಎಲ್ಲವನ್ನೂ ಮೆನುವಿನಲ್ಲಿ ತುಂಬಿದರೆ ಬೇಕಾದದ್ದು ಬೇಡವಾದದ್ದರಲ್ಲಿ ಮುಳುಗಿಹೋಗದೆ? ಈ ಮಾತು ನಿಜವು. ಮರೆಮಾಡುವದೇ ಪಾಪವಲ್ಲ. ಹಾಗೆಯೇ ವಸ್ತುವಿಲ್ಲದೆ ಹೆಸರನ್ನಷ್ಟೇ ಬರೆದಿಡುವದೂ ಉಪಕಾರವಲ್ಲ. ಒತ್ತಿದರೆ ಏನೂ ತೆರೆಯದ ಹೆಸರು ಬಾಗಿಲಿನ ಚಿತ್ರವಿದ್ದಂತೆ. ಯಾದಿಯು ಚಿಕ್ಕದಾಗಿರಲಿ, ಆದರೆ ಒಬ್ಬರ ದಿನದ ಕೆಲಸಕ್ಕೆ ಬೇಕಾದದ್ದನ್ನು ಅವರಿಗೆ ತಿಳಿಸದೆ ತೆಗೆಯಬಾರದು, ಕೇಳಿ ಬಂದವರಿಗೆ ಪರೀಕ್ಷೆ ಮಾಡದೆ ‘ಇಲ್ಲ’ವೆನ್ನಬಾರದು.

ಇದರಲ್ಲಿ ನೀತಿಯ ಪ್ರಶ್ನೆಯಿರುವದು ಏತಕ್ಕೆಂದರೆ, ಯಾದಿಯ ತಪ್ಪಿನ ಭಾರವು ಎಲ್ಲರ ಮೇಲೂ ಸಮನಾಗಿ ಬೀಳುವದಿಲ್ಲ. ಮಗನಿಗೆ ಮೆನುವಿಲ್ಲದಿದ್ದರೂ ನಡೆಯುವದು. ಅವನು ಇನ್ನೊಂದು ದಾರಿಯನ್ನು ಬಲ್ಲನು. ತಾಯಿಗೆ ಇದ್ದದ್ದು ಒಂದೇ ದಾರಿ. ಮತದಾರರ ಯಾದಿಯ ವಿಷಯವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುವದು. ಕೈಯಲ್ಲಿ ಗುರುತಿನ ಚೀಟಿಯಿದ್ದರೂ ಯಾದಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲು ಬರುವದಿಲ್ಲ. ಮೊದಲೇ ಯಾದಿಯನ್ನು ನೋಡಿ, 6ನೆಯ ನಮೂನೆಯನ್ನು ತುಂಬಿ ಹೆಸರನ್ನು ಸೇರಿಸಿಕೊಳ್ಳುವ ಕ್ರಮವು ಉಂಟು. ಅದನ್ನು ಬಲ್ಲವನು ಪಾರಾಗುವನು. ಅರಿಯದ ಮುದುಕಿಯು ಮತಗಟ್ಟೆಯವರೆಗೆ ನಡೆದುಬಂದು, ತಾನು ಬದುಕಿ ಎದುರಿಗೇ ನಿಂತಿದ್ದರೂ ಬರಿಗೈಯಿಂದ ಹಿಂತಿರುಗುವಳು. ಆದಕಾರಣ ಯಾದಿಯನ್ನು ಕಾಯುವವನು ತನ್ನ ತಪ್ಪನ್ನು ಬಲ್ಲವರ ಅಳತೆಯಿಂದಲ್ಲ, ಅದೊಂದೇ ದಾರಿಯಿರುವವರ ಅಳತೆಯಿಂದ ಅಳೆಯಬೇಕು.

ಹೆಸರನ್ನು ಅದರ ಸ್ಥಾನಕ್ಕೆ ಮರಳಿ ತರುವದು ಹಗುರವಾದ ಕೆಲಸವೆಂದು ಬಗೆಯುವವರು ಫ. ಗು. ಹಳಕಟ್ಟಿಯವರನ್ನು ನೆನೆಯಬಹುದು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗಳಲ್ಲಿ ಉಳಿದಿದ್ದ ಓಲೆಗರಿಯ ಕಟ್ಟುಗಳನ್ನು ಹುಡುಕಿ, ಪರಿಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಆ ವಚನಗಳನ್ನು ಅವರು ರಚಿಸಲಿಲ್ಲ. ಅವು ಶತಮಾನಗಳಿಂದ ಇದ್ದೇ ಇದ್ದವು. ಓದಬಯಸುವವನು ಅವುಗಳನ್ನು ಮುಟ್ಟುವ ದಾರಿಯನ್ನು ಅವರು ತೆರೆದರು. ಗರಿಗಳು ಹಳೆಯವಾದವೆಂದು ಹೊಳೆಗೆ ಬಿಟ್ಟಿದ್ದರೆ ಯಾವ ದಾರಿಯಿಂದಲೂ ಪ್ರಯೋಜನವಿರುತ್ತಿರಲಿಲ್ಲ.

ಕೊರ್ಲಹಳ್ಳಿಯ ಆ ಮನೆಯಲ್ಲಿ ಮಗನು ಕೊನೆಗೆ ಇನ್ನೊಂದು ಕೆಲಸವನ್ನು ಮಾಡಿದನೆಂದು ಭಾವಿಸೋಣ. ಟರ್ಮಿನಲ್ಲಿನಲ್ಲಿ ಬರೆಯಬೇಕಾದ ಆ ಒಂದು ಶಬ್ದವನ್ನು ತಾಯಿಯ ಲೆಕ್ಕದ ವಹಿಯ ಮೊದಲ ಪುಟದಲ್ಲಿ ಬರೆದುಕೊಳ್ಳಲು ಹೇಳಿದನು. ಮುಂದೊಮ್ಮೆ ಹೆಸರು ಮತ್ತೆ ಮಾಯವಾದರೂ ಆಕೆಯು ಯಾರ ಬಾಯಿಯನ್ನೂ ನೋಡಬೇಕಾಗುವದಿಲ್ಲ. ಯಾದಿಯನ್ನು ಸರಿಪಡಿಸುವದು ಅವನ ಅರ್ಧ ಕರ್ತವ್ಯವಾಗಿದ್ದರೆ ಇದು ಉಳಿದ ಅರ್ಧವು.