ಎರಡನೇ ಸಾರಿ ಕೈಯಿಟ್ಟ ಕರ್ತನು

ಭಾನುವಾರದ ಆರಾಧನೆಯ ಸಂದೇಶ. ವಾಕ್ಯಭಾಗ: ಮಾರ್ಕ 8:22-25

 

ಮಾರ್ಕನ ಸುವಾರ್ತೆ ಎಂಟನೇ ಅಧ್ಯಾಯ ತೆಗೀರಿ. ಬೇತ್ಸಾಯಿದದ ಕುರುಡನ ಸಂಗತಿ. ಬೇರೆ ಎಷ್ಟೋ ಕಡೆ ಕರ್ತನು ಒಂದು ಮಾತು ಹೇಳಿದ ಕೂಡಲೇ ಸ್ವಸ್ಥತೆ ಆಯಿತು. ಇಲ್ಲಿ ಹಾಗಾಗಲಿಲ್ಲ. ಒಂದು ಸಾರಿ ಕೈಯಿಟ್ಟು, ಏನಾದರೂ ಕಾಣುತ್ತಾ ಅಂತ ವಿಚಾರಿಸ್ತಾನೆ. ಕಾಣುತ್ತದೆ, ಆದರೆ ಮನುಷ್ಯರು ನಡೆದಾಡೋ ಮರಗಳ ಹಾಗೆ ಕಾಣ್ತಾರೆ ಅಂತ ಅವನು ಹೇಳ್ತಾನೆ. ಆಗ ಕರ್ತನು ಎರಡನೇ ಸಾರಿ ಕೈಯಿಟ್ಟ. ಬೈಬಲ್ ಕಾಲೇಜಿನ ಪರೀಕ್ಷೆಯಲ್ಲಿ ಈ ಭಾಗದ ಮೇಲೆ ಎರಡು ಪುಟ ಬರೆದಿದ್ದೆ. ಏನು ಬರೆದೆ ಅಂತ ಈಗ ನೆನಪಿಲ್ಲ. ಇದು ನನಗೆ ಅರ್ಥ ಆಗಿದ್ದು ಒಂದು ಆಸ್ಪತ್ರೆಯ ವರಾಂಡದಲ್ಲಿ.

ನಾನು ಮೊದಲು ಸೇವೆ ಮಾಡ್ತಿದ್ದ ಊರಿನಲ್ಲಿ ಒಬ್ಬ ಅಣ್ಣ ಇದ್ದರು. ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಕೆಲಸ. ಅವರು "ಹೇಳ್ರಿ" ಅಂದ ಮೇಲೇ ಇದನ್ನು ಹೇಳ್ತಾ ಇದ್ದೀನಿ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೀನಿ. ಒಬ್ಬರಿಗೆ ಎಚ್‌ಐವಿ ಇದೆ ಅಂತ ಅವರು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳೋದಕ್ಕೆ 2017ರ ಕಾಯ್ದೆ ಅವಕಾಶ ಕೊಡೋದಿಲ್ಲ. "ಪ್ರಾರ್ಥನಾ ವಿನಂತಿ" ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿದರೂ ಹೇಳಿದ ಹಾಗೇ. ಇದನ್ನು ಸ್ವಲ್ಪ ಗಮನದಲ್ಲಿ ಇಟ್ಟುಕೊಳ್ಳಿ.

ಆ ಅಣ್ಣ ದಿನಾ ಕುಡೀತಿದ್ದರು. ಸಂಜೆ ಕೂಲಿ ಕೈಗೆ ಬಂದರೆ ಒಂದು ಕ್ವಾರ್ಟರ್, ಆಮೇಲೆ ಇನ್ನೊಂದು. ಬೆಳಿಗ್ಗೆ ಕೈ ನಡುಗದೇ ಇರಲಿ ಅಂತ ಒಂದು ನೈಂಟಿ. 2007ರಲ್ಲಿ ಸಾರಾಯಿ ನಿಂತಾಗ ಬಿಡ್ತಾರೆ ಅಂತ ಹೆಂಡತಿ ಆಸೆ ಇಟ್ಟುಕೊಂಡಿದ್ದರಂತೆ. ಸಾರಾಯಿ ಹೋಯಿತು, ವಿಸ್ಕಿ ಪ್ಯಾಕೆಟ್ ಬಂತು.

ಒಂದು ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಅವರು ಬಂದರು. ನಾನು ತಲೆ ಮೇಲೆ ಕೈಯಿಟ್ಟು, ಇವತ್ತು ರಾತ್ರಿಯಿಂದ ಒಂದು ಹನಿನೂ ಮುಟ್ಟಬಾರದು ಅಂತ ಆಜ್ಞೆ ಕೊಟ್ಟ ಹಾಗೆ ಹೇಳಿದೆ. ಸಭೆ ಎಲ್ಲಾ ಹಲ್ಲೆಲೂಯಾ ಅಂತು. ಅವರು ನನ್ನ ಮಾತು ಹಾಗೇ ನಡೆಸಿದರು. ಭಾನುವಾರ ಬೆಳಗಿನ ಜಾವ ಅವರ ಹೆಂಡತಿ ಫೋನ್ ಮಾಡಿ ಅಳ್ತಾ ಇದ್ದರು. ಹೋಗಿ ನೋಡಿದರೆ ಮೈಯೆಲ್ಲಾ ಬೆವರು, ಕೈಕಾಲು ಸೆಟೆದುಕೊಂಡು ಫಿಟ್ಸ್. ನಾನು ಅದನ್ನು ದುರಾತ್ಮ ಅಂತ ತಿಳಿದು, ಗಾಡಿ ತರಿಸೋದು ಬಿಟ್ಟು, ಸುಮಾರು ಅರ್ಧ ಗಂಟೆ ಗದರಿಸಿ ಪ್ರಾರ್ಥನೆ ಮಾಡಿದೆ. ಎರಡನೇ ಸಾರಿ ಫಿಟ್ಸ್ ಬಂದ ಮೇಲೆ ಆಸ್ಪತ್ರೆಗೆ ಕರಕೊಂಡು ಹೋದದ್ದು.

ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: "ಇಷ್ಟು ಕುಡಿಯೋರಿಗೆ ಒಮ್ಮೆಲೇ ನಿಲ್ಲಿಸು ಅಂತ ಯಾರು ಹೇಳಿದ್ದು?" ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದ ಶರೀರಕ್ಕೆ ಒಮ್ಮೆಲೇ ಮದ್ಯ ತಪ್ಪಿಸಿದರೆ ನಡುಕ, ಫಿಟ್ಸ್, ಆಮೇಲೆ ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ಹೆಚ್ಚಾಗಿ ಫಿಟ್ಸ್ ಬರೋದು ಮೊದಲ ಎರಡು ದಿನದಲ್ಲೇ. ಅಂಥವರು ಪೂರ್ತಿ ಬಿಡಬೇಕಾದರೂ ಡಾಕ್ಟರ ಕೈಯಲ್ಲಿ, ಮಾತ್ರೆ ಮತ್ತು ವಿಟಮಿನ್ ಬಿ1 ಜೊತೆಗೆ ಬಿಡಬೇಕು. ಇದು ಮೂರು ವರ್ಷದ ಬೈಬಲ್ ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾಲ್ಕು ದಿನ ಆದ ಮೇಲೆ ಆ ವರಾಂಡದಲ್ಲಿ ಅವರೇ ನನಗೆ ಹೇಳಿದರು, ಎಚ್‌ಐವಿ ಇದೆ, ಆರು ವರ್ಷ ಆಯಿತು ಅಂತ. ರಿಪೋರ್ಟ್ ಬಂದ ದಿನದಿಂದ ಕುಡಿತ ಎರಡರಷ್ಟಾಯಿತಂತೆ, ಕುಡಿಯದೇ ಇದ್ದರೆ ನಿದ್ದೆ ಬರ್ತಿರಲಿಲ್ಲವಂತೆ. ಪಾಪದ ಕೂಲಿ ಅನ್ನೋದಕ್ಕೆ ಏಡ್ಸ್ ಅನ್ನೇ ಉದಾಹರಣೆ ಕೊಟ್ಟು ನಾನು ಒಂದು ಭಾನುವಾರ ಪ್ರಸಂಗ ಮಾಡಿದ್ದೆ. ಅವತ್ತು ಅವರು ಮೂರನೇ ಸಾಲಿನಲ್ಲಿ ಕೂತಿದ್ದರು.

"ಗುಳಿಗಿ ತಗೋತೀರಲ್ಲಣ್ಣಾ?" ಅಂತ ಕೇಳಿದೆ.

"ಕುಡದ ದಿನಾ ತಗೊಳ್ಳಂಗಿಲ್ರೀ ಪಾಸ್ಟರ್ರ. ಎರಡೂ ಹೊಟ್ಟ್ಯಾಗ ಕೂಡಿದ್ರ ವಿಷ ಆಕ್ಕೈತಂತ."

ದಿನಾ ಕುಡಿಯೋ ಮನುಷ್ಯ. ಅಂದರೆ ವಾರಕ್ಕೆ ಎಷ್ಟು ದಿನ ಗುಳಿಗೆ ಹೋಗ್ತಿತ್ತು, ನೀವೇ ಲೆಕ್ಕ ಹಾಕಿ. ಸರ್ಕಾರ 2004ರಿಂದ ಎಆರ್‌ಟಿ ಔಷಧಿ ಉಚಿತವಾಗಿ ಕೊಡ್ತಾ ಇದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ, ಅದರೊಳಗೆ ಮೂರು ಔಷಧಿ. ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಸಿಗದಷ್ಟು ಇಳಿದು ಹಾಗೇ ಉಳಿದರೆ, ಹೆಂಡತಿಗೆ ದಾಂಪತ್ಯದಿಂದ ಅದು ಹರಡೋದಿಲ್ಲ. ಬಿಟ್ಟು ಬಿಟ್ಟು ತಗೊಂಡರೆ ಮಾತ್ರ ವೈರಸ್ ಆ ಔಷಧಿಗೇ ಬಗ್ಗದ ಹಾಗೆ ಆಗಬಹುದು. ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಕುಡಿಯಬಾರದು, ಲಿವರ್ ಹಾಳಾಗುತ್ತೆ, ಟಿಬಿ ಮಾತ್ರೆ ಬೇರೆ ನಡೀತಿದ್ದರೆ ಇನ್ನೂ ಕೆಟ್ಟದ್ದು. ಆದರೆ ಕುಡಿದ ದಿನವೂ ಗುಳಿಗೆ ತಪ್ಪಿಸಬಾರದು. ಆ ಎರಡನೇ ಮಾತು ಕೇಳಿ ನನಗೂ ಆಶ್ಚರ್ಯ ಆಯಿತು. ವಿಷ ಆಗುತ್ತೆ ಅಂತ ನಾನೂ ನಂಬಿದ್ದೆ.

ಅವರು ಗುಳಿಗೆಯ ಹೊತ್ತನ್ನು ರಾತ್ರಿಯಿಂದ ಬೆಳಗಿನ ನಾಷ್ಟಾಕ್ಕೆ ಬದಲಿಸಿದರು. ಇಷ್ಟೇ ಸಣ್ಣ ಬದಲಾವಣೆ. ಬೆಳಿಗ್ಗೆ ತಲೆ ಸರಿ ಇರುತ್ತೆ, ಹೆಂಡತಿ ಎದುರಿಗೆ ಇರ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ಐದು ವಾರ ಮುಟ್ಟಲಿಲ್ಲ. ಆಮೇಲೆ ಊರ ಜಾತ್ರೆ ಬಂತು, ಮತ್ತೆ ಶುರು ಆಯಿತು. ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಪೂರ್ತಿ ಬಿಡಿ, ಇಲ್ಲಾಂದ್ರೆ ಬರಬೇಡಿ ಅನ್ನಬೇಕಾ? ಅಥವಾ ಬಿಡೋ ತನಕ ಕಡಿಮೆ ಮಾಡೋಣ, ನಾನೂ ಜೊತೆಗಿರ್ತೀನಿ ಅನ್ನಬಹುದಾ? ಸಮಾಲೋಚಕರು ಒಂದು ಕ್ಯಾಲೆಂಡರ್ ಕೊಟ್ಟಿದ್ದರು. ಕುಡಿದ ದಿನ ಎಷ್ಟು ಅಂತ ಅದರಲ್ಲಿ ಬರೆಯೋದು, ಕುಡಿಯದ ದಿನ ಖಾಲಿ ಬಿಡೋದು. ಕೂಲಿ ದುಡ್ಡು ಯಾರ್ಡಿನಿಂದ ನೇರ ಹೆಂಡತಿ ಕೈಗೆ. ಮನೆಗೆ ಬರೋ ದಾರಿ ಬೇರೆ, ವೈನ್ ಶಾಪ್ ಇರದ ರಸ್ತೆ. ಬುಧವಾರ ಸಂಜೆ ನಾನು ಯಾರ್ಡಿನ ಗೇಟಿಗೆ ಹೋಗಿ ನಿಲ್ತಿದ್ದೆ, ಇಬ್ಬರೂ ಮಿರ್ಚಿ ಮಂಡಕ್ಕಿ ತಿಂತಿದ್ವಿ. ಹೊಟ್ಟೆ ತುಂಬಿದ ಮನುಷ್ಯನಿಗೆ ಕುಡಿಯೋ ಆಸೆ ಅರ್ಧ ಇಳಿಯುತ್ತೆ ಅಂತ ನಾನು ಕಂಡುಕೊಂಡದ್ದು ಹಾಗೆ.

ಹೋದ ತಿಂಗಳು ನಮ್ಮ ಹಿರಿಯರ ಕೂಟದಲ್ಲಿ, ಯಾರು ಅಂತ ಹೇಳದೆ, ಈ ವಿಷಯ ಎತ್ತಿದೆ. ಒಬ್ಬ ಹಿರಿಯರು, ನಾನು ತುಂಬಾ ಗೌರವ ಕೊಡೋರು, ಕೇಳಿದರು: "ಪಾಸ್ಟರ್ರ, ಕಳ್ಳಗ ಸ್ವಲ್ಪ ಕಡಿಮಿ ಕದಿಯಪಾ ಅಂತ ಹೇಳ್ತೀರೇನು?"

ಒಳ್ಳೇ ಪ್ರಶ್ನೆ. ಕದಿಯೋದು ನಿಲ್ಲಿಸಿದ ಕಳ್ಳನಿಗೆ ಎರಡನೇ ದಿನ ಫಿಟ್ಸ್ ಬರೋದಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕಳ್ಳತನದಲ್ಲಿ ಕಳಕೊಂಡವರು ಇದ್ದ ಹಾಗೆ ಕುಡಿತದಲ್ಲೂ ಇದ್ದಾರೆ, ಹೆಂಡತಿ ಮಕ್ಕಳು. ಅವರ ಮುಂದೆ "ಈ ವಾರ ಎರಡು ದಿನ ಕಡಿಮೆ" ಅನ್ನೋದು ಯಾವ ನ್ಯಾಯ? ನಾನು ಆ ಅಕ್ಕನಿಗೇ ಫೋನ್ ಮಾಡಿ ಕೇಳಿದೆ. ಅವರಂದರು, "ಮೊದಲ ವಾರದಾಗ ಏಳೂ ದಿನಾ ಹೆದರತಿದ್ನಿರಿ, ಈಗ ಎರಡ ದಿನಾ." ಆ ಐದು ದಿನ ಸಣ್ಣದು ಅಂತ ಹೇಳೋಕೆ ನಾನು ಯಾರು? ಅದರ ಜೊತೆಗೆ ಇದನ್ನೂ ಹೇಳಲೇಬೇಕು: ಹೆಂಡತಿ ಮೇಲೆ ಕೈ ಎತ್ತೋದನ್ನು ಕಡಿಮೆ ಮಾಡಪ್ಪ ಅಂತ ನಾನು ಯಾರಿಗೂ ಹೇಳೋದಿಲ್ಲ. ಅದು ಇವತ್ತೇ ನಿಲ್ಲಬೇಕು. ಅದಕ್ಕೆ ಹಂತ ಇಲ್ಲ. ಹಿರಿಯರ ಪ್ರಶ್ನೆ ಅಲ್ಲಿ ಸರಿಯಾಗಿ ಕೂರುತ್ತೆ.

ಬೋಧನೆ ಬದಲಾಗಿಲ್ಲ. ಎಫೆಸ 5:18 ನನ್ನ ಬೈಬಲಿನಲ್ಲೂ ಇದೆ. ಯುವಕರಿಗೆ ನಾನು ಮುಟ್ಟಲೇಬೇಡಿ ಅಂತೀನಿ. (ತಿಮೊಥೆಯನ ಹೊಟ್ಟೆನೋವಿನ ವಾಕ್ಯ ತೋರಿಸಬೇಡಿ. ಕುಡಿಯೋರಿಗೆಲ್ಲಾ ಅದೊಂದು ವಾಕ್ಯ ಬಾಯಿಪಾಠ.)

ಈಗ ಬೇತ್ಸಾಯಿದಕ್ಕೆ ಬರೋಣ. ಆ ಮನುಷ್ಯ ಅವತ್ತು ನಾಚಿಕೊಂಡು, ಸುತ್ತ ಶಿಷ್ಯರು ನೋಡ್ತಿದ್ದಾರೆ ಅಂತ, ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ ಸ್ವಾಮೀ ಅಂದಿದ್ದರೆ? ಮರಗಳ ನಡುವೆಯೇ ಮನೆಗೆ ಹೋಗ್ತಿದ್ದ. ನಮ್ಮ ಸಾಕ್ಷಿ ಸಮಯದಲ್ಲಿ ಎಷ್ಟು ಗಂಡಸರು ಪೂರ್ತಿ ಬಿಡುಗಡೆ ಆಯಿತು ಅಂತ ಹೇಳಿ, ಹೊರಗೆ ಹೋಗಿ ಏಲಕ್ಕಿ ಜಗೀತಾರೆ? ತಪ್ಪು ಅವರದು ಮಾತ್ರ ಅಲ್ಲ. ಅರ್ಧ ಗುಣ ಆಗಿದೆ ಅಂತ ಹೇಳೋದಕ್ಕೆ ನಾವು ಇಲ್ಲಿ ಜಾಗ ಇಟ್ಟಿಲ್ಲ. ಇಲ್ಲಿ ಸುಳ್ಳು ಹೇಳಿ ರೂಢಿಯಾದವರು ಎಆರ್‌ಟಿ ಡಾಕ್ಟರ ಮುಂದೆಯೂ ಕುಡಿಯಲ್ಲ ಅಂತಾರೆ, ಗುಳಿಗೆ ತಪ್ಪಿಸಿಲ್ಲ ಅಂತಾರೆ.

ಆ ಅಣ್ಣ ಮೊನ್ನೆ ಮಾತಾಡಿದರು. ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಸಿಕ್ಕಿಲ್ಲ. ದೇವರಿಗೆ ಸ್ತೋತ್ರ. ಶನಿವಾರ ಇನ್ನೂ ಕುಡೀತಾರೆ, ಅದನ್ನೂ ಅವರೇ ಹೇಳಿದರು.

ಬರೋ ಭಾನುವಾರ ಕರ್ತನ ಭೋಜನ. ಕುಡಿಯೋರನ್ನು ಮೇಜಿನಿಂದ ದೂರ ಇಡೋದು ನಮ್ಮ ಸಭೆಯ ಪದ್ಧತಿ. ಬಿಡಬೇಕು ಅಂತ ಒದ್ದಾಡ್ತಾ, ಕ್ಯಾಲೆಂಡರ್ ತಂದು ತೋರಿಸೋ ಮನುಷ್ಯನಿಗೂ ಇದೇ ಪದ್ಧತಿಯಾ ಅಂತ ಹಿರಿಯರ ಹತ್ತಿರ ಕೇಳಿದ್ದೀನಿ. ಇನ್ನೂ ಒಮ್ಮತ ಆಗಿಲ್ಲ. ಗುರುವಾರ ಮತ್ತೆ ಕೂತು ಮಾತಾಡ್ತೀವಿ. ಅಲ್ಲಿ ತನಕ ಯಾರಿಗಾದರೂ ನನ್ನ ಜೊತೆ ಎಆರ್‌ಟಿ ಕೇಂದ್ರಕ್ಕೋ ಸರ್ಕಾರಿ ಆಸ್ಪತ್ರೆಗೋ ಬರಬೇಕಿದ್ದರೆ, ಆರಾಧನೆ ಮುಗಿದ ಮೇಲೆ ಅಲ್ಲ, ವಾರದ ನಡುವೆ ಫೋನ್ ಮಾಡಿ. ಇಲ್ಲಿ ಎಲ್ಲರೂ ನೋಡ್ತಿರ್ತಾರೆ. ನನಗೂ ಹೇಳೋದು ಬೇಡ ಅನಿಸಿದರೆ 1097 ಸಹಾಯವಾಣಿ ಇದೆ, ದುಡ್ಡು ಕೊಡಬೇಕಾಗಿಲ್ಲ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ, ಪ್ರಾರ್ಥಿಸೋಣ.